ಆ್ಯಕ್ಷನ್ ಕ್ಯಾಮೆರಾದ ತುಂಡು ವಿಡಿಯೊಗಳು: ಕ್ರಮ, ನಕಲು, ಜೋಡಣೆ

ಆ್ಯಕ್ಷನ್ ಕ್ಯಾಮೆರಾದ ಗುಂಡಿಯನ್ನು ಒಂದೇ ಸಲ ಒತ್ತಿ ಗಂಟೆಗಟ್ಟಲೆ ಚಿತ್ರೀಕರಿಸಿದರೂ, ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ತೆರೆದಾಗ ಅಲ್ಲಿ ಒಂದರ ಬದಲು ಹತ್ತಾರು ಫೈಲುಗಳು ಕಾಣಿಸುತ್ತವೆ. 4ಕೆ, 5.3ಕೆಯಂತಹ ಹೆಚ್ಚಿನ ರೆಸಲ್ಯೂಶನ್ನಿನಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಹೊಸದಾಗಿ ಕ್ಯಾಮೆರಾ ಕೊಂಡವರು ಇದನ್ನು ದೋಷವೆಂದು ತಿಳಿಯುವುದುಂಟು. ಇನ್ನು ಕೆಲವರು ತುಂಡುಗಳನ್ನು ಕಂಡ ಕೂಡಲೇ ಜೋಡಿಸುವ ತಂತ್ರಾಂಶ ಹುಡುಕಲು ಹೊರಡುತ್ತಾರೆ. ನನ್ನ ಮಟ್ಟಿಗೆ ಜೋಡಣೆಯೆಂಬುದು ಇಡೀ ಕೆಲಸದಲ್ಲಿ ಕೊನೆಗೆ ಬರುವ, ಎಷ್ಟೋ ಸಲ ಬೇಕೇ ಇಲ್ಲದ ಹಂತ. ತುಂಡುಗಳ ಅನುಕ್ರಮ ತಪ್ಪದಂತೆ, ಒಂದೂ ಕಳೆಯದಂತೆ, ಮೂಲ ಪ್ರತಿ ಕೆಡದಂತೆ ನೋಡಿಕೊಂಡರೆ ಉಳಿದ ಕೆಲಸವೆಲ್ಲ ಸಲೀಸಾಗುತ್ತದೆ.

ಕ್ಯಾಮೆರಾ ಫೈಲನ್ನು ತುಂಡರಿಸುವುದೇಕೆ

ಮೂಲ ಕಾರಣ ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆ. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಂದಿಗೆ ಬಂದ ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಫೈಲಿನ ಗಾತ್ರವನ್ನು ಬರೆದಿಡಲು 32 ಬಿಟ್‌ಗಳಷ್ಟೇ ಜಾಗವಿದೆ. ಆದ್ದರಿಂದ ಯಾವ ಫೈಲೂ 4,29,49,67,295 ಬೈಟ್‌ಗಳನ್ನು, ಅಂದರೆ ಸ್ಥೂಲವಾಗಿ 4 ಜಿಬಿಯನ್ನು, ಮೀರುವಂತಿಲ್ಲ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳು ಇದೇ ವ್ಯವಸ್ಥೆಯನ್ನು ಬಳಸುತ್ತವೆ. ಅದಕ್ಕಿಂತ ದೊಡ್ಡದಾದ ಎಸ್‌ಡಿಎಕ್ಸ್‌ಸಿ ಕಾರ್ಡುಗಳಲ್ಲಿ ಎಕ್ಸ್‌ಫ್ಯಾಟ್ ಇರುವುದರಿಂದ ಅಲ್ಲಿ ಈ ಮಿತಿ ಅನ್ವಯಿಸುವುದಿಲ್ಲ. ಆದರೂ ಅನೇಕ ಕ್ಯಾಮೆರಾಗಳು ದೊಡ್ಡ ಕಾರ್ಡಿನಲ್ಲಿಯೂ ತುಂಡರಿಸುವುದನ್ನು ಬಿಟ್ಟಿಲ್ಲ, ಕೆಲವು ಹೊಸ ಮಾದರಿಗಳು ತುಂಡಿನ ಗಾತ್ರವನ್ನು ಹೆಚ್ಚಿಸಿಕೊಂಡಿವೆ ಅಷ್ಟೆ.

ಹೀಗೆ ತುಂಡರಿಸುವುದರಿಂದ ಒಂದು ಉಪಕಾರವೂ ಇದೆ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬುದನ್ನು ಹೇಳುವ ಸೂಚಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಕೊನೆಯಲ್ಲಿ, ಫೈಲನ್ನು ಮುಚ್ಚುವಾಗ, ಬರೆಯುತ್ತದೆ. ಬ್ಯಾಟರಿ ನಡುವೆಯೇ ಕಳಚಿಕೊಂಡರೆ ಅಥವಾ ಕ್ಯಾಮೆರಾ ಬಿಸಿಯಾಗಿ ತಟ್ಟನೆ ನಿಂತರೆ ಆ ಸೂಚಿ ಇಲ್ಲದ ಫೈಲು ಯಾವ ಪ್ಲೇಯರ್‌ನಲ್ಲೂ ತೆರೆಯುವುದಿಲ್ಲ. ಇಡೀ ಗಂಟೆಯ ಚಿತ್ರೀಕರಣ ಒಂದೇ ಫೈಲಾಗಿದ್ದರೆ ಅಂತಹ ಹೊತ್ತಿನಲ್ಲಿ ಎಲ್ಲವೂ ಹೋದಂತೆಯೇ. ತುಂಡುಗಳಾಗಿದ್ದರೆ ಕೊನೆಯದೊಂದನ್ನು ಬಿಟ್ಟು ಉಳಿದವೆಲ್ಲ ಸುರಕ್ಷಿತವಾಗಿ ಮುಚ್ಚಿಕೊಂಡಿರುತ್ತವೆ.

ಒಂದು ತುಂಡು ಎಷ್ಟು ಹೊತ್ತಿನದಾಗುತ್ತದೆ ಎಂಬುದು ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ದತ್ತ ಬರೆಯಲಾಗುತ್ತದೆ ಎಂಬುದನ್ನು, ಅವಲಂಬಿಸಿದೆ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ನಿಮಿಷಕ್ಕೆ 750 ಮೆಗಾಬೈಟ್. ಈ ವೇಗದಲ್ಲಿ 4 ಜಿಬಿ ತುಂಬಲು ಆರು ನಿಮಿಷವೂ ಬೇಡ. 60 ಮೆಗಾಬಿಟ್‌ಗೆ ಇಳಿಸಿದರೆ ಅದೇ ತುಂಡು ಒಂಬತ್ತು ನಿಮಿಷ ದಾಟುತ್ತದೆ. 100 ಮೆಗಾಬಿಟ್‌ನ ಒಂದು ಗಂಟೆಯ ಚಿತ್ರೀಕರಣಕ್ಕೆ 45 ಜಿಬಿ ಬೇಕು, ಅದು ಕನಿಷ್ಠ ಹನ್ನೊಂದು ತುಂಡುಗಳಾಗುತ್ತದೆ. ಕಾರ್ಡು ತೆರೆಯುವ ಮೊದಲೇ ಈ ಲೆಕ್ಕವನ್ನು ಮನಸ್ಸಿನಲ್ಲಿ ಹಾಕಿಕೊಂಡರೆ, ಎಷ್ಟು ಫೈಲುಗಳು ಸಿಗಬೇಕಿತ್ತು, ಎಷ್ಟು ಸಿಕ್ಕಿವೆ ಎಂಬುದು ಒಂದು ನೋಟಕ್ಕೇ ತಿಳಿಯುತ್ತದೆ.

ಹೆಸರನ್ನು ಓದುವ ಬಗೆ

ತುಂಡುಗಳ ಗೊಂದಲವೆಲ್ಲ ಹುಟ್ಟುವುದು ಹೆಸರಿನಿಂದ. ಗೋಪ್ರೋ ಕ್ಯಾಮೆರಾಗಳನ್ನೇ ತೆಗೆದುಕೊಳ್ಳೋಣ. 2017ರ ಹೀರೋ6 ಮಾದರಿಯಿಂದ ಈಚೆಗೆ ಫೈಲಿನ ಹೆಸರು ಎರಡು ಅಕ್ಷರಗಳಿಂದ ಶುರುವಾಗುತ್ತದೆ: ಎಚ್.264 ಕೋಡೆಕ್ (ವಿಡಿಯೊವನ್ನು ಸಂಕುಚಿಸುವ ವಿಧಾನ) ಆದರೆ ಜಿಎಚ್, ಎಚ್.265 ಅಂದರೆ ಎಚ್‌ಇವಿಸಿ ಆದರೆ ಜಿಎಕ್ಸ್. ಅದರ ಮುಂದಿನ ಎರಡು ಅಂಕಿಗಳು ತುಂಡಿನ ಸಂಖ್ಯೆ, ಕೊನೆಯ ನಾಲ್ಕು ಅಂಕಿಗಳು ಚಿತ್ರೀಕರಣದ ಸಂಖ್ಯೆ. ಜಿಎಕ್ಸ್030123 ಎಂದರೆ 0123ನೆಯ ಚಿತ್ರೀಕರಣದ ಮೂರನೆಯ ತುಂಡು. ಹೀರೋ5 ಮತ್ತು ಅದಕ್ಕಿಂತ ಹಳೆಯ ಮಾದರಿಗಳಲ್ಲಿ ಮೊದಲ ತುಂಡಿಗೆ ಜಿಒಪಿಆರ್0123 ಎಂದೂ ಎರಡನೆಯದಕ್ಕೆ ಜಿಪಿ010123 ಎಂದೂ ಮೂರನೆಯದಕ್ಕೆ ಜಿಪಿ020123 ಎಂದೂ ಹೆಸರಿರುತ್ತಿತ್ತು; ಅಲ್ಲಿ 01 ಎಂದಿರುವುದು ಎರಡನೆಯ ತುಂಡು ಎಂಬುದನ್ನು ಮರೆಯಬಾರದು.

ತುಂಡಿನ ಸಂಖ್ಯೆ ಮುಂದೆ, ಚಿತ್ರೀಕರಣದ ಸಂಖ್ಯೆ ಹಿಂದೆ ಇರುವುದರಿಂದ ಹೆಸರಿನ ಪ್ರಕಾರ ಜೋಡಿಸಿದ ಫೋಲ್ಡರಿನಲ್ಲಿ ಒಂದೇ ಚಿತ್ರೀಕರಣದ ತುಂಡುಗಳು ಚದುರಿ ಹೋಗುತ್ತವೆ. ಫೋಲ್ಡರಿನಲ್ಲಿ ಮೇಲಿನಿಂದ ಕೆಳಕ್ಕೆ ಜಿಎಕ್ಸ್010123, ಜಿಎಕ್ಸ್010124, ಜಿಎಕ್ಸ್010125, ಜಿಎಕ್ಸ್020123, ಜಿಎಕ್ಸ್020125, ಜಿಎಕ್ಸ್030123 ಎಂದು ಆರು ಫೈಲುಗಳಿವೆ ಎಂದುಕೊಳ್ಳಿ. ನೋಡಲು ಆರು ಬಿಡಿ ವಿಡಿಯೊಗಳಂತಿದ್ದರೂ ಇಲ್ಲಿರುವುದು ಮೂರೇ ಚಿತ್ರೀಕರಣಗಳು: 0123ಕ್ಕೆ ಮೂರು ತುಂಡು, 0124ಕ್ಕೆ ಒಂದೇ ತುಂಡು, 0125ಕ್ಕೆ ಎರಡು ತುಂಡು. ಪಟ್ಟಿಯಲ್ಲಿದ್ದ ಕ್ರಮದಲ್ಲೇ ಎಲ್ಲವನ್ನೂ ಎಡಿಟಿಂಗ್ ತಂತ್ರಾಂಶಕ್ಕೆ ಎಳೆದುಹಾಕಿದರೆ ಮೊದಲ ಚಿತ್ರೀಕರಣದ ನಡುವೆ ಉಳಿದೆರಡು ನುಸುಳಿ ಬರುತ್ತವೆ.

ಇದೇ ಹೆಸರಿನಿಂದ ಇನ್ನೊಂದು ವಿಷಯವನ್ನೂ ತಿಳಿಯಬಹುದು. ಕ್ಯಾಮೆರಾ ತಾನಾಗಿ ತುಂಡರಿಸಿದಾಗ ತುಂಡಿನ ಸಂಖ್ಯೆ ಮಾತ್ರ ಬದಲಾಗುತ್ತದೆ. ಚಿತ್ರೀಕರಣದ ಸಂಖ್ಯೆಯೇ ಬದಲಾಗಿದ್ದರೆ, ನೀವು ನಿಲ್ಲಿಸದೆ ಇದ್ದರೂ ಕ್ಯಾಮೆರಾ ನಿಂತು ಮತ್ತೆ ಶುರುವಾಗಿದೆ ಎಂದರ್ಥ. ನಿಧಾನಗತಿಯ ಕಾರ್ಡು, ಅತಿಯಾದ ಬಿಸಿ, ಬ್ಯಾಟರಿ ಸಂಪರ್ಕದ ಸಡಿಲ, ಹೀಗೆ ಕಾರಣ ಯಾವುದಾದರೂ ಇರಬಹುದು; ಆದರೆ ಅಂತಹ ಎರಡು ಫೈಲುಗಳ ನಡುವೆ ಕಳೆದುಹೋದ ಕ್ಷಣಗಳು ಇದ್ದೇ ಇರುತ್ತವೆ, ಎಷ್ಟೇ ಅಚ್ಚುಕಟ್ಟಾಗಿ ಜೋಡಿಸಿದರೂ ಅವು ಮರಳಿ ಬರುವುದಿಲ್ಲ. ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಭರವಸೆ ಕೊಡುವ ವಿ30 ಗುರುತಿನ ಕಾರ್ಡನ್ನು ಬಳಸಿದರೆ ಮೊದಲನೆಯ ಕಾರಣವನ್ನಾದರೂ ದೂರವಿಡಬಹುದು.

ಎಂಪಿ4 ಫೈಲುಗಳ ಪಕ್ಕದಲ್ಲಿ ಟಿಎಚ್‌ಎಂ ಮತ್ತು ಎಲ್‌ಆರ್‌ವಿ ಎಂಬ ಕೊನೆಯುಳ್ಳ ಫೈಲುಗಳೂ ಇರುತ್ತವೆ. ಮೊದಲನೆಯದು ಪುಟ್ಟ ಜೆಪೆಗ್ ಚಿತ್ರ, ಕಂಪ್ಯೂಟರಿನಲ್ಲಿ ಅದರ ಅಗತ್ಯವಿಲ್ಲ. ಎರಡನೆಯದು ಕಡಿಮೆ ರೆಸಲ್ಯೂಶನ್ನಿನ ವಿಡಿಯೊ ಪ್ರತಿ. ಅದನ್ನೂ ಕ್ಯಾಮೆರಾ ಅದೇ ತುಂಡುಗಳ ಲೆಕ್ಕದಲ್ಲಿಯೇ ಇಡುತ್ತದೆ. ಹೆಸರಿನ ಕೊನೆಯನ್ನು ಎಂಪಿ4 ಎಂದು ಬದಲಿಸಿದರೆ ಅದು ಸಾಮಾನ್ಯ ವಿಡಿಯೊದಂತೆ ತೆರೆದುಕೊಳ್ಳುತ್ತದೆ, ಶಕ್ತಿ ಸಾಲದ ಕಂಪ್ಯೂಟರಿನಲ್ಲಿ 5.3ಕೆ ಫೈಲು ತಡವರಿಸುವಾಗ ಯಾವ ತುಂಡಿನಲ್ಲಿ ಏನಿದೆ ಎಂದು ಬೇಗ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ನಕಲಿಸುವುದು ಮತ್ತು ಹೆಸರು ಬದಲಿಸುವುದು

ಕಾರ್ಡಿನಲ್ಲಿರುವ ಫೈಲುಗಳನ್ನು ಅಲ್ಲಿಯೇ ತೆರೆದು ಎಡಿಟ್ ಮಾಡುವುದಾಗಲಿ, ಅಲ್ಲಿಯೇ ಹೆಸರು ಬದಲಿಸುವುದಾಗಲಿ ಸಲ್ಲದು. ಡಿಸಿಐಎಂ ಫೋಲ್ಡರಿನ ಒಳಗಿರುವುದನ್ನೆಲ್ಲ ಮೊದಲು ಇಡಿಯಾಗಿ ಕಂಪ್ಯೂಟರಿಗೆ ನಕಲಿಸಿ. ಇಲ್ಲಿ ಕತ್ತರಿಸಿ ಅಂಟಿಸುವ ಆಯ್ಕೆಯನ್ನು ಎಂದೂ ಬಳಸಬೇಡಿ, ನಡುವೆ ಕೇಬಲ್ ಅಲುಗಿದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂಬಂತಾಗುತ್ತದೆ. ಪ್ರತಿ ಚಿತ್ರೀಕರಣದ ದಿನಕ್ಕೊಂದು ಫೋಲ್ಡರ್ ಮಾಡಿ, ಅದರ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕವನ್ನೂ ಕ್ಯಾಮೆರಾದ ಗುರುತನ್ನೂ ಸೇರಿಸುವುದು ಒಳ್ಳೆಯದು. ಕ್ಯಾಮೆರಾದ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬರುತ್ತದೆ. ಎರಡು ಕ್ಯಾಮೆರಾ ಬಳಸುವವರ ಬಳಿಯಂತೂ ಒಂದೇ ಹೆಸರಿನ ಎರಡು ಫೈಲುಗಳು ಸಹಜವಾಗಿಯೇ ಸೇರಿಕೊಳ್ಳುತ್ತವೆ. ಅವೆರಡೂ ಒಂದೇ ಫೋಲ್ಡರಿಗೆ ಬಿದ್ದು, ಬದಲಿಸಲೇ ಎಂದು ಕಂಪ್ಯೂಟರ್ ಕೇಳಿದಾಗ ಅವಸರದಲ್ಲಿ ಒಪ್ಪಿಗೆ ಕೊಟ್ಟರೆ ಒಂದು ತುಂಡು ಸದ್ದಿಲ್ಲದೆ ಅಳಿಸಿಹೋಗುತ್ತದೆ.

ನಕಲು ಮುಗಿಯಿತು ಎಂಬ ಸಂದೇಶವನ್ನು ನಂಬಿ ಕಾರ್ಡನ್ನು ಖಾಲಿ ಮಾಡಬಾರದು. ಫೈಲುಗಳ ಸಂಖ್ಯೆ ಮತ್ತು ಒಟ್ಟು ಬೈಟ್‌ಗಳು ಎರಡೂ ಕಡೆ ಒಂದೇ ಆಗಿವೆಯೇ ಎಂದು ನೋಡುವುದು ಕನಿಷ್ಠ ಎಚ್ಚರಿಕೆ. ಅದಕ್ಕಿಂತ ಗಟ್ಟಿಯಾದದ್ದು ಎಸ್‌ಎಚ್‌ಎ-256ರಂತಹ ಹ್ಯಾಶ್ ಹೋಲಿಕೆ, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತನ್ನು ಎರಡೂ ಕಡೆ ಹೋಲಿಸುವುದು: ವಿಂಡೋಸ್‌ನಲ್ಲಿ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆದೇಶ ಇದನ್ನು ಮಾಡುತ್ತದೆ, ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಇದಕ್ಕೆ ಬೇಕಾದ ಆದೇಶ ಮೊದಲೇ ಇರುತ್ತದೆ. ಆದೇಶಗಳ ತಂಟೆ ಬೇಡವೆನ್ನುವವರು ಟೆರಾಕಾಪಿಯಂತಹ, ನಕಲಿಸಿದ ಮೇಲೆ ತಾನೇ ಪರಿಶೀಲಿಸುವ ತಂತ್ರಾಂಶವನ್ನು ಬಳಸಬಹುದು. ಇನ್ನೊಂದು ಡ್ರೈವಿಗೆ ಎರಡನೆಯ ಪ್ರತಿ ಆದ ಮೇಲೆ ಕಾರ್ಡನ್ನು ಕಂಪ್ಯೂಟರಿನಲ್ಲಿ ಖಾಲಿ ಮಾಡುವ ಬದಲು ಕ್ಯಾಮೆರಾದೊಳಗಿನ ಫಾರ್ಮ್ಯಾಟ್ ಆಯ್ಕೆಯಿಂದಲೇ ಫಾರ್ಮ್ಯಾಟ್ ಮಾಡಿ.

ಹೆಸರು ಬದಲಿಸುವ ಸೂತ್ರ ಸರಳವಾದದ್ದು: ಚಿತ್ರೀಕರಣದ ಸಂಖ್ಯೆಯನ್ನು ಮುಂದಕ್ಕೂ ತುಂಡಿನ ಸಂಖ್ಯೆಯನ್ನು ಹಿಂದಕ್ಕೂ ತರಬೇಕು. ಜಿಎಕ್ಸ್030123 ಎಂಬುದು 0123_03 ಆಗುತ್ತದೆ. ಮೊದಲು ದಿನಾಂಕವನ್ನೂ ಸೇರಿಸಿದರೆ ಬೇರೆ ಬೇರೆ ದಿನಗಳ ಫೈಲುಗಳು ಬೆರೆತರೂ ಕ್ರಮ ಕೆಡುವುದಿಲ್ಲ. ನೂರಾರು ಫೈಲುಗಳಿದ್ದರೆ ವಿಂಡೋಸ್‌ನ ಪವರ್‌ಟಾಯ್ಸ್‌ನಲ್ಲಿರುವ ಪವರ್‌ರೀನೇಮ್ ಅಥವಾ ಎಕ್ಸಿಫ್‌ಟೂಲ್‌ನಿಂದ ಒಟ್ಟಿಗೇ ಬದಲಿಸಬಹುದು. ದಿನಾಂಕಕ್ಕಾಗಿ ವಿಂಡೋಸ್ ತೋರಿಸುವ ಸೃಷ್ಟಿಯ ವೇಳೆಯನ್ನು ನೆಚ್ಚಿಕೊಳ್ಳಬೇಡಿ. ನಕಲಿಸಿದ ಫೈಲಿನಲ್ಲಿ ಅದು ನಕಲು ನಡೆದ ವೇಳೆಯಾಗಿರುತ್ತದೆ, ಮಾರ್ಪಾಡಿನ ವೇಳೆ ಮಾತ್ರ ಸಾಮಾನ್ಯವಾಗಿ ಹಳೆಯದಾಗಿಯೇ ಉಳಿದಿರುತ್ತದೆ.

ಒಂದು ಅಪವಾದವಿದೆ. 360 ಡಿಗ್ರಿ ಕ್ಯಾಮೆರಾಗಳ ಫೈಲುಗಳನ್ನು, ಉದಾಹರಣೆಗೆ ಇನ್‌ಸ್ಟಾ360ಯ ಐಎನ್‌ಎಸ್‌ವಿ ಫೈಲುಗಳನ್ನು, ಮೂಲ ಹೆಸರಿನಲ್ಲಿಯೇ ಬಿಡಬೇಕು. ಅವುಗಳ ತಯಾರಕರ ತಂತ್ರಾಂಶ ತುಂಡುಗಳನ್ನೂ, ಕೆಲವು ಮಾದರಿಗಳಲ್ಲಿ ಎರಡು ಮಸೂರಗಳ ಬೇರೆ ಬೇರೆ ಫೈಲುಗಳನ್ನೂ ಹೆಸರಿನಿಂದಲೇ ಗುರುತಿಸಿ ಕೂಡಿಸಿಕೊಳ್ಳುತ್ತದೆ. ಅಂತಹವನ್ನು ವಿಂಗಡಿಸಬೇಕಿದ್ದರೆ ಫೋಲ್ಡರಿನ ಹೆಸರನ್ನಷ್ಟೇ ಬದಲಿಸಿ.

ಜೋಡಿಸಬೇಕೇ?

ಎಡಿಟ್ ಮಾಡಿ ಚಿಕ್ಕ ವಿಡಿಯೊ ತಯಾರಿಸುವುದಷ್ಟೇ ಉದ್ದೇಶವಾದರೆ ಜೋಡಿಸುವ ಅಗತ್ಯವೇ ಇಲ್ಲ. ಹೆಸರು ಸರಿಪಡಿಸಿದ ತುಂಡುಗಳನ್ನು ಡವಿಂಚಿ ರಿಸಾಲ್ವ್‌ನಂತಹ ತಂತ್ರಾಂಶದ ಟೈಮ್‌ಲೈನಿನಲ್ಲಿ ಒಂದರ ಹಿಂದೊಂದು ಇಟ್ಟು, ಎಲ್ಲವನ್ನೂ ಆಯ್ದು ಒಂದು ಕಾಂಪೌಂಡ್ ಕ್ಲಿಪ್ ಮಾಡಿಕೊಂಡರೆ ಮುಂದೆ ಅದು ಒಂದೇ ವಿಡಿಯೊದಂತೆ ವರ್ತಿಸುತ್ತದೆ. ಡಿಸ್ಕಿನಲ್ಲಿ ಹೆಚ್ಚುವರಿ ಜಾಗವೂ ಬೇಡ. ಇಡೀ ಚಿತ್ರೀಕರಣವನ್ನು ಕತ್ತರಿಸದೆ ಯೂಟ್ಯೂಬಿಗೆ ಏರಿಸಬೇಕೆಂದಿದ್ದರೆ, ಬೇರೆಯವರಿಗೆ ಒಂದೇ ಫೈಲಾಗಿ ಕೊಡಬೇಕಿದ್ದರೆ, ಅಥವಾ ಹಲವು ಕ್ಯಾಮೆರಾಗಳ ದೃಶ್ಯಗಳನ್ನು ಧ್ವನಿಯ ಆಧಾರದಿಂದ ತಾಳೆ ಹಾಕಬೇಕಿದ್ದರೆ ಜೋಡಣೆಗೆ ಅರ್ಥವಿದೆ. ಯೂಟ್ಯೂಬ್ ಒಂದು ವಿಡಿಯೊಗೆ 256 ಜಿಬಿ ಅಥವಾ 12 ಗಂಟೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಒಪ್ಪುತ್ತದೆ.

ಗುಣಮಟ್ಟ ಕೆಡದಂತೆ ಜೋಡಿಸುವುದು

ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿ ಎಕ್ಸ್‌ಪೋರ್ಟ್ ಮಾಡಿದರೆ ಪ್ರತಿ ಫ್ರೇಮೂ ಮತ್ತೊಮ್ಮೆ ಸಂಕುಚಿತಗೊಳ್ಳುತ್ತದೆ. ಗುಣಮಟ್ಟವೂ ಕುಗ್ಗುತ್ತದೆ, ಗಂಟೆಗಳೂ ಹಿಡಿಯುತ್ತವೆ. ಒಂದೇ ಚಿತ್ರೀಕರಣದ ಎಲ್ಲ ತುಂಡುಗಳ ಕೋಡೆಕ್, ರೆಸಲ್ಯೂಶನ್, ಫ್ರೇಮ್ ದರ ಎಲ್ಲವೂ ಒಂದೇ ಆಗಿರುವುದರಿಂದ ಒಳಗಿನ ದತ್ತವನ್ನು ಮುಟ್ಟದೆ ಹೊಸ ಎಂಪಿ4 ಫೈಲಿನೊಳಕ್ಕೆ ಸಾಲಾಗಿ ವರ್ಗಾಯಿಸಿದರೆ ಸಾಕು. ಈ ಕೆಲಸದ ವೇಗ ಡಿಸ್ಕಿನ ವೇಗಕ್ಕೆ ಸಮ. ಆದರೆ ಎಂಪಿ4 ಫೈಲುಗಳನ್ನು ಬರಿದೇ ಬೈಟ್‌ಗಳ ಮಟ್ಟದಲ್ಲಿ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿದರೆ ಆಗುವುದಿಲ್ಲ; ಹಾಗೆ ಮಾಡಿದ ಫೈಲಿನ ಗಾತ್ರವೇನೋ ಸರಿಯಾಗಿರುತ್ತದೆ, ಪ್ಲೇಯರ್ ಮಾತ್ರ ಮೊದಲ ತುಂಡಿನ ಸೂಚಿಯನ್ನು ಓದಿ ಅಷ್ಟಕ್ಕೇ ನಿಲ್ಲುತ್ತದೆ.

ಕಿಟಕಿ, ಗುಂಡಿಗಳಿರುವ ಸಾಧನ ಬೇಕೆನ್ನುವವರಿಗೆ ಉಚಿತವಾಗಿ ಸಿಗುವ ಲಾಸ್‌ಲೆಸ್‌ಕಟ್ ಸಾಕು. ತುಂಡುಗಳನ್ನು ಅದರೊಳಕ್ಕೆ ಎಳೆದು, ಜೋಡಣೆಯ ಆಯ್ಕೆ ತೆರೆದು, ಪಟ್ಟಿಯ ಕ್ರಮವನ್ನು ಇನ್ನೊಮ್ಮೆ ಕಣ್ಣಾಡಿಸಿ ಒಪ್ಪಿಗೆ ಕೊಟ್ಟರೆ ಆಯಿತು. ಅದರ ಒಳಗೆ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್ ಎಂಬ, ಆದೇಶಗಳಿಂದ ನಡೆಯುವ ವಿಡಿಯೊ ತಂತ್ರಾಂಶ. ಅದನ್ನೇ ನೇರವಾಗಿ ಬಳಸುವವರು ಮೊದಲು ಒಂದು ಪಠ್ಯ ಫೈಲು ಮಾಡಿಕೊಳ್ಳಬೇಕು. ಅದರ ಪ್ರತಿ ಸಾಲಿನಲ್ಲಿ ಫೈಲ್ ಎಂಬ ಪದವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದು, ಒಂದು ಸ್ಥಳ ಬಿಟ್ಟು, ಒಂಟಿ ಉದ್ಧರಣ ಚಿಹ್ನೆಗಳ ನಡುವೆ ತುಂಡಿನ ಪೂರ್ಣ ಹೆಸರನ್ನು ಕೊಡಬೇಕು. ಆಮೇಲೆ ಆದೇಶದಲ್ಲಿ ಇನ್‌ಪುಟ್ ಬಗೆಯನ್ನು ಕಾನ್‌ಕ್ಯಾಟ್ ಎಂದೂ, ಇನ್‌ಪುಟ್ ಆಗಿ ಆ ಪಠ್ಯ ಫೈಲನ್ನೂ, ಕೋಡೆಕ್ ಆಯ್ಕೆಯನ್ನು ಕಾಪಿ ಎಂದೂ ಸೂಚಿಸಿ ಕೊನೆಗೆ ಹೊಸ ಫೈಲಿನ ಹೆಸರು ಬರೆಯಬೇಕು. ಪಟ್ಟಿಯಲ್ಲಿ ಡ್ರೈವಿನಿಂದ ಶುರುವಾಗುವ ಪೂರ್ಣ ವಿಳಾಸಗಳಿದ್ದರೆ ಸೇಫ್ ಎಂಬ ಆಯ್ಕೆಗೆ ಸೊನ್ನೆ ಕೊಡಬೇಕಾಗುತ್ತದೆ, ಇಲ್ಲವಾದರೆ ಎಫ್‌ಎಫ್‌ಎಂಪೆಗ್ ನಿರಾಕರಿಸುತ್ತದೆ. ಎಚ್‌ಇವಿಸಿ ಫೈಲು ಜೋಡಣೆಯ ನಂತರ ಮ್ಯಾಕ್‌ನ ಕ್ವಿಕ್‌ಟೈಮ್‌ನಲ್ಲಿ ತೆರೆಯದಿದ್ದರೆ ವಿಡಿಯೊದ ಟ್ಯಾಗನ್ನು ಎಚ್‌ವಿಸಿ1 ಎಂದು ಸೂಚಿಸಿ ಮತ್ತೊಮ್ಮೆ ಜೋಡಿಸಿ.

ಇಲ್ಲಿ ಹೆಚ್ಚಿನವರು ಗಮನಿಸದೆ ಕಳೆದುಕೊಳ್ಳುವುದೊಂದಿದೆ. ಗೋಪ್ರೋ ಫೈಲಿನೊಳಗೆ ಚಿತ್ರ ಮತ್ತು ಧ್ವನಿಯ ಜೊತೆಗೆ ಜಿಪಿಎಂಎಫ್ ಎಂಬ ರೂಪದಲ್ಲಿ ಗೈರೋಸ್ಕೋಪ್, ಆಕ್ಸೆಲೆರೋಮೀಟರ್ ಮತ್ತು ಮಾದರಿಗೆ ಅನುಗುಣವಾಗಿ ಜಿಪಿಎಸ್ ಮಾಹಿತಿಯ ಪ್ರತ್ಯೇಕ ಧಾರೆಯೂ ಇರುತ್ತದೆ. 2023ರ ಹೀರೋ12ರಲ್ಲಿ ಜಿಪಿಎಸ್ ಇರಲಿಲ್ಲ, 2024ರ ಹೀರೋ13ರಲ್ಲಿ ಮರಳಿ ಬಂತು. ಏನನ್ನೂ ಸೂಚಿಸದಿದ್ದರೆ ಎಫ್‌ಎಫ್‌ಎಂಪೆಗ್ ಒಂದು ವಿಡಿಯೊ ಧಾರೆಯನ್ನೂ ಒಂದು ಆಡಿಯೊ ಧಾರೆಯನ್ನೂ ಆಯ್ದುಕೊಂಡು ಈ ಮಾಹಿತಿಯನ್ನು ಬಿಟ್ಟುಬಿಡುತ್ತದೆ. ಮುಂದೆ ಗೈರೋಫ್ಲೋ ತಂತ್ರಾಂಶದಲ್ಲಿ ಅಲುಗಾಟ ತೆಗೆಯುವ, ಅಥವಾ ವೇಗ, ದಾರಿ, ಎತ್ತರಗಳನ್ನು ವಿಡಿಯೊ ಮೇಲೆ ತೋರಿಸುವ ಯೋಚನೆ ಇದ್ದರೆ ಈ ನಷ್ಟ ದೊಡ್ಡದು. ಎಫ್‌ಎಫ್‌ಎಂಪೆಗ್‌ನ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್‌ನಿಂದ ಒಂದು ತುಂಡನ್ನು ಪರೀಕ್ಷಿಸಿ, ಜಿಪಿಎಂಡಿ ಎಂಬ ಗುರುತಿರುವ ಧಾರೆಯ ಸಂಖ್ಯೆ ತಿಳಿದು, ಮ್ಯಾಪ್ ಆಯ್ಕೆಯ ಮೂಲಕ ವಿಡಿಯೊ, ಆಡಿಯೊ ಮತ್ತು ಆ ಧಾರೆ ಮೂರನ್ನೂ ಹೆಸರಿಸಿ ಹೇಳಬೇಕು. ಅಪರಿಚಿತ ಧಾರೆಗಳನ್ನೂ ನಕಲಿಸುವ ಆಯ್ಕೆಯನ್ನು ಅದರೊಂದಿಗೆ ಕೊಡಬೇಕು. ಇದು ತಲೆನೋವೆನಿಸಿದರೆ ಗೈರೋಫ್ಲೋ ತಂಡದ ಎಂಪಿ4-ಮರ್ಜ್ ಎಂಬ ಪುಟ್ಟ ಸಾಧನ ಇದೇ ಉದ್ದೇಶಕ್ಕಾಗಿ ಇರುವುದು, ಈ ಮಾಹಿತಿಯನ್ನು ಉಳಿಸಿಕೊಂಡೇ ಜೋಡಿಸುತ್ತದೆ.

ಜೋಡಿಸುವ ಮೊದಲು ಡಿಸ್ಕಿನಲ್ಲಿ ತುಂಡುಗಳ ಒಟ್ಟು ಗಾತ್ರದಷ್ಟೇ ಖಾಲಿ ಜಾಗ ಬೇಕು. ಜಾಗ ಎಷ್ಟೇ ಇದ್ದರೂ ಆ ಡ್ರೈವು ಫ್ಯಾಟ್32 ಆಗಿದ್ದರೆ ಕೆಲಸ 4 ಜಿಬಿಯಲ್ಲೇ ನಿಲ್ಲುತ್ತದೆ. ಪೆನ್‌ಡ್ರೈವುಗಳಲ್ಲಿ ಇದು ಪದೇ ಪದೇ ಎದುರಾಗುತ್ತದೆ. ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಅಥವಾ ಎಪಿಎಫ್‌ಎಸ್ ಇರುವ ಡ್ರೈವನ್ನೇ ಆರಿಸಿ.

ಹೊಲಿಗೆಯನ್ನು ಪರೀಕ್ಷಿಸುವುದು

ಜೋಡಿಸಿದ ಫೈಲು ತೆರೆಯಿತೆಂಬ ಮಾತ್ರಕ್ಕೆ ತುಂಡುಗಳನ್ನು ಅಳಿಸಬಾರದು. ಮೊದಲು ಎಲ್ಲ ತುಂಡುಗಳ ಅವಧಿಯನ್ನು ಕೂಡಿ, ಹೊಸ ಫೈಲಿನ ಅವಧಿಯೊಂದಿಗೆ ಹೋಲಿಸಿ. ಒಂದು ಸೆಕೆಂಡಿನ ಭಾಗದಷ್ಟು ವ್ಯತ್ಯಾಸ ಸಹಜ, ನಿಮಿಷಗಳ ವ್ಯತ್ಯಾಸವಿದ್ದರೆ ಯಾವುದೋ ತುಂಡು ಪಟ್ಟಿಯಿಂದ ಬಿಟ್ಟುಹೋಗಿದೆ. ಆಮೇಲೆ ಪ್ರತಿ ಹೊಲಿಗೆಯ, ಅಂದರೆ ಎರಡು ತುಂಡುಗಳು ಕೂಡುವ ಜಾಗದ, ಎರಡು ಸೆಕೆಂಡು ಹಿಂದಿನಿಂದ ಶುರುಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲ ತುಂಡು 5 ನಿಮಿಷ 40 ಸೆಕೆಂಡಿನದಾಗಿದ್ದರೆ 5:38ರಿಂದ ನೋಡಬೇಕು ಎಂದಾಯಿತು. ಚಲನೆ ಜಿಗಿಯಬಾರದು, ಒಂದೇ ಚಲನೆ ಎರಡು ಸಲ ಕಾಣಬಾರದು.

ಧ್ವನಿಯಲ್ಲಿ ಮಾತ್ರ ಸಣ್ಣದೊಂದು ಟಕ್ ಎಂಬ ಸದ್ದು ಕೆಲವೊಮ್ಮೆ ಉಳಿಯುತ್ತದೆ, ಅದಕ್ಕೆ ಕಾರಣ ಲೆಕ್ಕದ್ದು. ಎಎಸಿ ಎಂಬ ಸಂಕುಚಿತ ಧ್ವನಿಯ ಒಂದು ಫ್ರೇಮಿನಲ್ಲಿ ಸಾಮಾನ್ಯವಾಗಿ 1024 ಮಾದರಿಗಳು (ಸ್ಯಾಂಪಲ್‌ಗಳು) ಇರುತ್ತವೆ. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ ಅದು ಸುಮಾರು 21.3 ಮಿಲಿಸೆಕೆಂಡು. ಸೆಕೆಂಡಿಗೆ 60 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡು. ಇವೆರಡರ ಅಂಚುಗಳು ತುಂಡಿನ ಕೊನೆಯಲ್ಲಿ ಸರಿಯಾಗಿ ಕೂಡುವುದು ಅಪರೂಪ, ಆದ್ದರಿಂದ ಹೊಲಿಗೆಯಲ್ಲಿ ಕೆಲವು ಮಿಲಿಸೆಕೆಂಡುಗಳ ಬಿರುಕೋ ಅತಿಕ್ರಮಣವೋ ಉಂಟಾಗುತ್ತದೆ. ಗಾಳಿಯ ಸದ್ದಿನಲ್ಲಿ ಇದು ಕೇಳಿಸುವುದೇ ಇಲ್ಲ. ಸಂಗೀತ ಅಥವಾ ಮಾತಿನ ರೆಕಾರ್ಡಿಂಗ್ ಆದರೆ ಎಡಿಟಿಂಗ್‌ನಲ್ಲಿ ಆ ಜಾಗಕ್ಕೆ ಎರಡು ಫ್ರೇಮುಗಳಷ್ಟು ಚಿಕ್ಕದಾದ ಧ್ವನಿ ಕ್ರಾಸ್‌ಫೇಡ್ (ಒಂದು ಧ್ವನಿ ಇಳಿಯುತ್ತ ಇನ್ನೊಂದು ಏರುವುದು) ಹಾಕುವುದೇ ಸುಲಭವಾದ ಪರಿಹಾರ. ನಿಜವಾಗಿ ಮುಖ್ಯವಾದ ಧ್ವನಿಗೆ ಬೇರೆ ರೆಕಾರ್ಡರ್ ಇಡುವುದು ಮೇಲು.

ಹೊಲಿಗೆ ಸರಿಯಿದ್ದರೂ ನಾನು ಮೂಲ ತುಂಡುಗಳನ್ನೇ ಸಂಗ್ರಹದಲ್ಲಿಟ್ಟು, ಜೋಡಿಸಿದ ಫೈಲನ್ನು ಕೆಲಸ ಮುಗಿದ ಮೇಲೆ ಅಳಿಸುವುದನ್ನು ಇಷ್ಟಪಡುತ್ತೇನೆ. ತುಂಡುಗಳಿಂದ ಮತ್ತೆ ಯಾವಾಗ ಬೇಕಾದರೂ ಜೋಡಿಸಬಹುದು, ಕಾಲಾಂತರದಲ್ಲಿ ಡಿಸ್ಕಿನ ಒಂದು ಭಾಗ ಕೆಟ್ಟರೂ ಹೋಗುವುದು ಒಂದೇ ತುಂಡು, ಕ್ಲೌಡಿಗೆ ಏರಿಸುವಾಗ ಸಂಪರ್ಕ ಕಡಿದರೂ 45 ಜಿಬಿಯನ್ನು ಮೊದಲಿನಿಂದ ಏರಿಸಬೇಕಾಗಿಲ್ಲ. ಎರಡನ್ನೂ ಇಟ್ಟುಕೊಂಡರೆ ಜಾಗ ದುಪ್ಪಟ್ಟಾಗುತ್ತದೆ, ಅದರಿಂದ ಪ್ರಯೋಜನವೇನೂ ಇಲ್ಲ.

ಕೊನೆಯ ತುಂಡು ತೆರೆಯದಿದ್ದರೆ

ಗಾತ್ರವಿದ್ದೂ ತೆರೆಯದ ಫೈಲು ಸಾಮಾನ್ಯವಾಗಿ ಸರಣಿಯ ಕೊನೆಯದೇ ಆಗಿರುತ್ತದೆ, ಮೊದಲೇ ಹೇಳಿದ ಸೂಚಿ ಅದರಲ್ಲಿ ಬರೆಯಲ್ಪಟ್ಟಿರುವುದಿಲ್ಲ. ಆ ಕ್ಷಣದಿಂದ ಕಾರ್ಡಿಗೆ ಹೊಸದೇನನ್ನೂ ಬರೆಯಬೇಡಿ. ಚೆನ್ನಾಗಿರುವ ತುಂಡುಗಳನ್ನು ನಕಲಿಸಿಕೊಂಡು, ಬ್ಯಾಟರಿ ತುಂಬಿದ ಕ್ಯಾಮೆರಾಕ್ಕೆ ಅದೇ ಕಾರ್ಡನ್ನು ಮರಳಿ ಹಾಕಿ ಚಾಲೂ ಮಾಡಿ. ಗೋಪ್ರೋಗಳು ಅರ್ಧಕ್ಕೆ ನಿಂತ ಫೈಲನ್ನು ಗುರುತಿಸಿ ತಾವೇ ದುರಸ್ತಿಗೆ ತೊಡಗುತ್ತವೆ. ಕಾರ್ಡನ್ನು ಇದಕ್ಕೂ ಮೊದಲೇ ಫಾರ್ಮ್ಯಾಟ್ ಮಾಡಿದ್ದರೆ ಅಥವಾ ಫೈಲಿನ ಹೆಸರು ಬದಲಿಸಿದ್ದರೆ ಈ ದಾರಿ ಮುಚ್ಚಿಹೋಗಿರುತ್ತದೆ.

ಕ್ಯಾಮೆರಾದಿಂದ ಆಗದಿದ್ದರೆ ಅನ್‌ಟ್ರಂಕ್ ಎಂಬ ಮುಕ್ತ ತಂತ್ರಾಂಶವಿದೆ. ಅದಕ್ಕೆ ಕೆಟ್ಟ ಫೈಲಿನ ಜೊತೆಗೆ ಅದೇ ಕ್ಯಾಮೆರಾದಲ್ಲಿ, ಅದೇ ರೆಸಲ್ಯೂಶನ್, ಅದೇ ಫ್ರೇಮ್ ದರ, ಅದೇ ಕೋಡೆಕ್‌ನಲ್ಲಿ ತೆಗೆದ ಸುಸ್ಥಿತಿಯ ಫೈಲೊಂದನ್ನು ಮಾದರಿಯಾಗಿ ಕೊಡಬೇಕು. ಅದರ ರಚನೆಯನ್ನು ನೋಡಿಕೊಂಡು ಕೆಟ್ಟ ಫೈಲಿಗೆ ಹೊಸ ಸೂಚಿಯನ್ನು ಕಟ್ಟಲು ಅದು ಪ್ರಯತ್ನಿಸುತ್ತದೆ. ತುಂಡುಗಳಾಗಿ ಚಿತ್ರೀಕರಿಸಿದವರಿಗೆ ಆ ಮಾದರಿ ಹುಡುಕುವ ಕಷ್ಟವಿಲ್ಲ: ಅದೇ ಸರಣಿಯ ಹಿಂದಿನ ತುಂಡು ಎಲ್ಲ ಬಗೆಯಲ್ಲೂ ಹೊಂದುತ್ತದೆ. ದುರಸ್ತಿಯ ಪ್ರಯತ್ನವನ್ನು ಕಾರ್ಡಿನಲ್ಲಿರುವ ಮೂಲದ ಮೇಲೆ ಮಾಡದೆ ಕಂಪ್ಯೂಟರಿಗೆ ತೆಗೆದುಕೊಂಡ ಪ್ರತಿಯ ಮೇಲೆಯೇ ಮಾಡಿ, ಹೀಗೆ ಉಳಿಸಿಕೊಂಡ ತುಂಡನ್ನು ಜೋಡಣೆಯ ಪಟ್ಟಿಗೆ ಸೇರಿಸುವ ಮೊದಲು ಅದರ ಫ್ರೇಮ್ ದರ ಮತ್ತು ಧಾರೆಗಳ ಕ್ರಮ ಉಳಿದವಕ್ಕೆ ಹೊಂದುತ್ತದೆಯೇ ಎಂದು ಎಫ್‌ಎಫ್‌ಪ್ರೋಬ್‌ನಲ್ಲಿ ನೋಡಿಕೊಳ್ಳಿ. ಹೊಂದದಿದ್ದರೆ ಉಳಿದ ತುಂಡುಗಳನ್ನಷ್ಟೇ ಜೋಡಿಸಿ, ಇದನ್ನು ಟೈಮ್‌ಲೈನಿನಲ್ಲಿ ಬೇರೆ ಕ್ಲಿಪ್ಪಾಗಿ ಕೊನೆಗೆ ಇಡಬೇಕಾಗುತ್ತದೆ.